ಟ್ಯಾಮನಿ ಹಾಲ್ ಕಾದಂಬರಿಗೆ ಬೇಕಿರುವ ವಿವರ: ಸುಳ್ಳು ಬಿಲ್ಲು ಹಣವಾಗುತ್ತಿದ್ದುದು ಹೇಗೆ?

ಬಿಳಿಹಾಳೆ

ನಮಸ್ಕಾರ. 1868ರಿಂದ 1871ರವರೆಗಿನ ನ್ಯೂಯಾರ್ಕನ್ನು ಇಟ್ಟುಕೊಂಡು ಕನ್ನಡದಲ್ಲೊಂದು ಕಾದಂಬರಿ ಬರೆಯುತ್ತಿದ್ದೇನೆ. ನಡುವೆ ಇರುವುದು ಟ್ಯಾಮನಿ ಹಾಲ್, ಅಂದರೆ ಆ ನಗರದ ಡೆಮಾಕ್ರಟಿಕ್ ಪಕ್ಷವನ್ನು ಕೈಯಲ್ಲಿಟ್ಟುಕೊಂಡಿದ್ದ ಸಂಘ. ಅದರ ಮುಖ್ಯಸ್ಥ ವಿಲಿಯಂ ಟ್ವೀಡ್. ಆದರೆ ಕಥೆ ಹೇಳುವವನು ಟ್ವೀಡ್ ಅಲ್ಲ, ಕೌಂಟಿಯ, ಅಂದರೆ ಜಿಲ್ಲಾಡಳಿತದ, ಲೆಕ್ಕದ ಕಚೇರಿಯಲ್ಲಿ ಬಿಲ್ಲುಗಳನ್ನು ಪುಸ್ತಕಕ್ಕೆ ಏರಿಸುವ ಒಬ್ಬ ಗುಮಾಸ್ತ.

ತೊಡಕು ಇಷ್ಟು: ಈಗಿರುವ ಕರಡಿನಲ್ಲಿ ಲಂಚವೆಂದರೆ ಮುಚ್ಚಿದ ಬಾಗಿಲ ಹಿಂದೆ ಒಬ್ಬ ಇನ್ನೊಬ್ಬನಿಗೆ ಚೀಲ ದಾಟಿಸುವುದು, ಅಷ್ಟೇ. ಓದಿದರೆ ಸಿನಿಮಾದ ಹಾಗಿದೆ. ಆ ಗುಮಾಸ್ತ ದಿನಾ ಏನು ನೋಡುತ್ತಿದ್ದ? ಯಾವ ಕಾಗದ ಯಾವ ಮೇಜಿಗೆ ಹೋಗುತ್ತಿತ್ತು, ಯಾರ ಸಹಿ ಬೇಕಿತ್ತು, ಪಾಲು ಎಲ್ಲಿ ಬೇರೆಯಾಗುತ್ತಿತ್ತು? ಓಟು ತರುತ್ತಿದ್ದುದು ಹೇಗೆ? ಅಷ್ಟು ಬಿಗಿಯಾಗಿದ್ದದ್ದು ಕೆಲವೇ ತಿಂಗಳಲ್ಲಿ ಕುಸಿದದ್ದು ಯಾಕೆ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ. ಎಷ್ಟು ಸಣ್ಣ ವಿವರವಾದರೂ ಬೇಕು.

ಖಾತೆಕಿರ್ದಿ

ಗುಮಾಸ್ತನನ್ನು ಆರಿಸಿಕೊಂಡದ್ದು ಬಹಳ ಒಳ್ಳೆಯದಾಯಿತು. ಟ್ವೀಡ್ ಮತ್ತು ಅವನ ಜೊತೆಗಾರರ ಕೂಟದ ಕಳ್ಳತನ ಬಹುಪಾಲು ಕಾಗದದ ಮೇಲೆ ನಡೆಯಿತು. ಕದ್ದ ಹಣದ ಬಹುಪಾಲಿಗೆ ಬಿಲ್ಲು ಇತ್ತು, ಸಹಿ ಇತ್ತು, ಪುಸ್ತಕದಲ್ಲಿ ನಮೂದು ಇತ್ತು. ಆದ್ದರಿಂದ ಚೀಲದ ದೃಶ್ಯಗಳನ್ನು ತೆಗೆದುಹಾಕಿ.

ಮೊದಲು ತಿಳಿಯಬೇಕಾದ್ದು: ಆಗ ನ್ಯೂಯಾರ್ಕಿನಲ್ಲಿ ಒಂದೇ ನೆಲದ ಮೇಲೆ ಎರಡು ಸರ್ಕಾರಗಳಿದ್ದವು. ಒಂದು ನಗರದ್ದು, ಇನ್ನೊಂದು ಕೌಂಟಿಯದು. ಕೌಂಟಿಯನ್ನು ನಡೆಸುತ್ತಿದ್ದುದು ಸೂಪರ್‌ವೈಸರ್‌ಗಳ ಮಂಡಳಿ. ಯಾವ ಪಕ್ಷವೂ ಒಂಟಿಯಾಗಿ ಕದಿಯಬಾರದೆಂದು 1857ರ ಕಾನೂನು ಅದರಲ್ಲಿ ಹನ್ನೆರಡು ಜನರನ್ನಿಟ್ಟಿತು, ಆರು ಈ ಕಡೆ, ಆರು ಆ ಕಡೆ. ಟ್ವೀಡ್ ಅಲ್ಲಿಗೆ ಬಂದದ್ದು 1858ರಲ್ಲಿ. ಚುನಾವಣಾ ತನಿಖಾಧಿಕಾರಿಗಳನ್ನು ನೇಮಿಸುವ ದಿನ ಒಬ್ಬ ರಿಪಬ್ಲಿಕನ್ ಸದಸ್ಯ ಸಭೆಗೆ ಬರಲಿಲ್ಲ. ಬಾರದೆ ಇರುವುದಕ್ಕೆ ಅವನಿಗೆ ಸಿಕ್ಕಿದ್ದು 2,500 ಡಾಲರ್. ಆರಕ್ಕೆ ಐದಾಯಿತು, ಮತಗಟ್ಟೆಗಳು ಟ್ಯಾಮನಿಯ ಪಾಲಾದವು. ಸಮತೂಕದ ತಕ್ಕಡಿಯನ್ನು ವಾಲಿಸಲು ಒಂದೇ ಕಲ್ಲು ಸಾಕು ಎಂಬುದು ನಿಮ್ಮ ಗುಮಾಸ್ತನಿಗೆ ಮೊದಲೇ ಗೊತ್ತಿರಲಿ.

ಈಗ ಬಿಲ್ಲಿನ ದಾರಿ. ಕೌಂಟಿ ಕೋರ್ಟ್‌ಹೌಸನ್ನೇ ಉದಾಹರಣೆಯಾಗಿ ಹಿಡಿಯಿರಿ. ಮೊದಲು ಮಂಜೂರಾದದ್ದು ಎರಡೂವರೆ ಲಕ್ಷ ಡಾಲರ್, ಕೆಲಸ ಶುರುವಾದದ್ದು 1861ರಲ್ಲಿ. ಕೊನೆಗೆ ತಗುಲಿದ್ದು ಸುಮಾರು 1 ಕೋಟಿ 30 ಲಕ್ಷ. ಅಮೆರಿಕ 1867ರಲ್ಲಿ ರಷ್ಯಾದಿಂದ ಇಡೀ ಅಲಾಸ್ಕಾವನ್ನು ಕೊಂಡದ್ದು 72 ಲಕ್ಷಕ್ಕೆ.

ಗಾರೆ ಕೆಲಸದ ಗುತ್ತಿಗೆದಾರ ಕೆಲಸ ಮಾಡುತ್ತಾನೆ. ಬಿಲ್ಲು ತರುತ್ತಾನೆ. ಕೌಂಟಿಯ ಆಡಿಟರ್ ಜೇಮ್ಸ್ ವಾಟ್ಸನ್ ಅದನ್ನು ಹಿಂತಿರುಗಿಸಿ, ದೊಡ್ಡದು ಮಾಡಿಕೊಂಡು ಬಾ ಎನ್ನುತ್ತಾನೆ. ಆರಂಭದಲ್ಲಿ ಕೂಟದ ಪಾಲು ನೂರಕ್ಕೆ ಹತ್ತು, ಹದಿನೈದು. ಅದು ಏರುತ್ತ ಏರುತ್ತ 1870ರ ಹೊತ್ತಿಗೆ ನೂರಕ್ಕೆ 65 ಆಯಿತು. ಅಂದರೆ 35 ಡಾಲರ್ ಕೈಸೇರಬೇಕಾದವನು 100 ಡಾಲರಿನ ಬಿಲ್ಲು ಬರೆಯಬೇಕು. ಬಿಲ್ಲು ವಾಟ್ಸನ್ ಮೇಜಿನಿಂದ ಮಂಡಳಿಗೆ, ಅಲ್ಲಿಂದ ಕಂಟ್ರೋಲರ್, ಅಂದರೆ ಹಣಕಾಸಿನ ಮುಖ್ಯಾಧಿಕಾರಿ, ರಿಚರ್ಡ್ ಕಾನಲಿಗೆ. ಕಾನಲಿ ಹಣ ಪಾವತಿಯ ವಾರಂಟು ಬರೆಸುತ್ತಾನೆ, ಮೇಯರ್ ಓಕಿ ಹಾಲ್ ಸಹಿ ಹಾಕುತ್ತಾನೆ, ನ್ಯಾಷನಲ್ ಬ್ರಾಡ್‌ವೇ ಬ್ಯಾಂಕಿನಲ್ಲಿ ಅದು ಹಣವಾಗುತ್ತದೆ. ಇಲ್ಲಿಯವರೆಗೆ ಎಲ್ಲವೂ ಕಾನೂನುಬದ್ಧವಾಗಿಯೇ ಕಾಣುತ್ತದೆ. ಪಾಲು ಬೇರೆಯಾಗುವುದು ಇದರ ನಂತರ. ಗುತ್ತಿಗೆದಾರ ತನ್ನ ಖಾತೆಗೆ ಬಂದದ್ದರಲ್ಲಿ ದೊಡ್ಡ ಭಾಗವನ್ನು ಮಂಡಳಿಯ ಸಹಾಯಕ ಗುಮಾಸ್ತ ವುಡ್‌ವರ್ಡ್‌ಗೆ ದಾಟಿಸುತ್ತಾನೆ, ಅವನ ಖಾತೆಯಿಂದ ಟ್ವೀಡನ ಖಾತೆಗೆ ಹೋಗುತ್ತದೆ. ಅದೇ ಬ್ಯಾಂಕು, ಎಷ್ಟೋ ಸಲ ಅದೇ ದಿನ. ಕೂಟ ಮಾಡಿದ ದೊಡ್ಡ ತಪ್ಪು ಇದು. ಅದರ ಬೆಲೆ ತೆತ್ತ ಬಗೆಯನ್ನು ಮುಂದೆ ಹೇಳುತ್ತೇನೆ.

65ರ ಹಂಚಿಕೆ, ಟ್ವೀಡ್ ಆಮೇಲೆ ಕೊಟ್ಟ ಹೇಳಿಕೆಯ ಪ್ರಕಾರ: ತನಗೆ 25, ಕಾನಲಿಗೆ 20, ಕೂಟದ ಇನ್ನೊಬ್ಬ ಮುಖಂಡ ಪೀಟರ್ ಸ್ವೀನಿಗೆ 10, ಹಾಲ್‌ಗೆ 5, ಉಳಿದ 5 ವಾಟ್ಸನ್ ಮತ್ತು ವುಡ್‌ವರ್ಡ್‌ಗೆ. ಗುಮಾಸ್ತರಿಗೂ ಪಾಲಿತ್ತು ಎಂಬುದನ್ನು ಮರೆಯಬೇಡಿ. ನಿಮ್ಮ ನಾಯಕ ಆ ಐದರೊಳಗೆ ಇದ್ದಾನೋ ಹೊರಗಿದ್ದಾನೋ ಎಂಬುದರ ಮೇಲೆ ಇಡೀ ಕಾದಂಬರಿಯ ನೈತಿಕ ಭಾರ ನಿಲ್ಲುತ್ತದೆ.

1870ರ ಏಪ್ರಿಲ್‌ನಲ್ಲಿ ಹೊಸ ನಗರ ಸನ್ನದು, ಅಂದರೆ ನಗರದ ಆಡಳಿತ ಹೇಗಿರಬೇಕೆಂಬ ಕಾನೂನು, ಬಂತು. ರಾಜ್ಯದ ರಾಜಧಾನಿ ಆಲ್ಬನಿಯ ಶಾಸಕರಿಂದ ಅದನ್ನು ಮಂಜೂರು ಮಾಡಿಸಲು ಆರು ಲಕ್ಷ ಡಾಲರ್ ಹಂಚಿದೆನೆಂದು ಟ್ವೀಡ್ 1877ರಲ್ಲಿ ಒಪ್ಪಿಕೊಂಡ. ಹಳೆಯ ಮಂಡಳಿ ಹೋಗಿ, ಬಾಕಿ ಬಿಲ್ಲುಗಳನ್ನು ಪರಿಶೀಲಿಸಲು ಹಾಲ್, ಕಾನಲಿ, ಟ್ವೀಡ್ ಈ ಮೂವರ ಆಡಿಟ್ ಮಂಡಳಿ ಬಂತು. ಮೇ 5ರಂದು ಒಮ್ಮೆ ಸೇರಿದರು. ಬಾಕಿ ಬಿಲ್ಲುಗಳನ್ನೆಲ್ಲ ವಾಟ್ಸನ್ ಒಟ್ಟುಮಾಡಲಿ, ಪಾವತಿಯಾಗಲಿ ಎಂದು ನಿರ್ಣಯ ಬರೆದರು. ಆ ಒಂದು ನಿರ್ಣಯದ ಬೆನ್ನಿಗೆ 60 ಲಕ್ಷ ಡಾಲರಿಗೂ ಮಿಕ್ಕಿ ಹೊರಗೆ ಹೋಯಿತು. ಮೂರು ಸಹಿ ಇದ್ದರೆ ಮೂರು ಕಾವಲು ಎಂದು ಹೊರಗಿನವರು ತಿಳಿಯುತ್ತಾರೆ. ಇಲ್ಲಿ ಮೊದಲನೆಯವನು ಎರಡನೆಯವನನ್ನು ನಂಬಿ ಹಾಕಿದೆ ಎನ್ನಬಹುದು, ಎರಡನೆಯವನು ಮೂರನೆಯವನನ್ನು ತೋರಿಸಬಹುದು. ಹಾಲ್ ಕೋರ್ಟಿನಲ್ಲಿ ಹಿಡಿದ ವಾದವೂ ಇದೇ ದಾರಿಯದು: ನನ್ನ ಸಹಿ ಬರೀ ಕಚೇರಿಯ ಕ್ರಮ.

ಗುಮಾಸ್ತನ ಕಣ್ಣಿಗೆ ಬೀಳಬೇಕಾದ ಮೊತ್ತಗಳು ಇವು. ಗಾರೆ ಕೆಲಸದ ಆಂಡ್ರ್ಯೂ ಗಾರ್ವಿಗೆ ಒಟ್ಟು 28,70,464 ಡಾಲರ್ 6 ಸೆಂಟ್. ಮರ ಅಪರೂಪವಾಗಿದ್ದ, ಕಬ್ಬಿಣ ಮತ್ತು ಅಮೃತಶಿಲೆಯ ಕಟ್ಟಡದಲ್ಲಿ ಒಂದು ತಿಂಗಳ ಬಡಗಿ ಕೆಲಸಕ್ಕೆ 3,60,751. ಮೂರು ಮೇಜು, ನಲವತ್ತು ಕುರ್ಚಿಗೆ 1,79,729 ಡಾಲರ್ 60 ಸೆಂಟ್. ಹನ್ನೊಂದು ಥರ್ಮಾಮೀಟರಿಗೆ 7,500. ಪೊರಕೆ ಇತ್ಯಾದಿಗೆ 41,190 ಡಾಲರ್ 95 ಸೆಂಟ್. ಆ 95 ಸೆಂಟನ್ನು ದಯವಿಟ್ಟು ಬಿಡಬೇಡಿ. ಚಿಲ್ಲರೆ ಇದ್ದರೇ ಸುಳ್ಳು ಬಿಲ್ಲಿಗೆ ನಿಜದ ಮುಖ ಬರುವುದು. ನಗರದ ಕೂಲಿಯಾಳಿಗೆ ಆಗ ದಿನಕ್ಕೆ ಸುಮಾರು ಎರಡು ಡಾಲರ್. ವರ್ಷಕ್ಕೆ ಮುನ್ನೂರು ದಿನ ದುಡಿದರೂ ಪೊರಕೆಯ ಬಿಲ್ಲಿಗೆ ಸರಿಗಟ್ಟಲು ಅವನಿಗೆ ಅರವತ್ತೆಂಟು ವರ್ಷಕ್ಕೂ ಹೆಚ್ಚು ಬೇಕು. ಈ ಲೆಕ್ಕವನ್ನು ಗುಮಾಸ್ತ ಹಾಳೆಯ ಅಂಚಿನಲ್ಲಿ ಹಾಕಿ ನೋಡಬಹುದು.

ಕುರ್ಚಿ ಮಾರಿದವನು ಜೇಮ್ಸ್ ಇಂಗರ್‌ಸಾಲ್. ಟ್ವೀಡನೂ ಮೂಲದಲ್ಲಿ ಕುರ್ಚಿ ಮಾಡುವ ಮನೆತನದವನೇ. ಇಂಗರ್‌ಸಾಲ್ ಬೇರೆ ಬೇರೆ ಹೆಸರಿನ ವಾರಂಟುಗಳನ್ನು ತನ್ನ ಖಾತೆಗೆ ತುಂಬುತ್ತಿದ್ದ. ಕೆಲವು ಹೆಸರುಗಳಿಗೆ ಮನುಷ್ಯರೇ ಇರಲಿಲ್ಲ. 'ಫಿಲಿಪ್ಪೊ ಡೊನ್ನೊರುಮ' ಎಂಬ ಹೆಸರಿಗೆ ಸುಮಾರು 66 ಸಾವಿರ ಡಾಲರ್ ಹೋಯಿತು. ಹಿಂಬದಿಯ ಸಹಿ 'ಫಿಲಿಪ್ ಡಮ್ಮಿ'.

ಬಿಲ್ಲಲ್ಲದ ದಾರಿಗಳೂ ಇದ್ದವು. ಮಸಾಚುಸೆಟ್ಸ್‌ನ ಶೆಫೀಲ್ಡ್‌ನಲ್ಲಿ ಟ್ವೀಡ್‌ಗೆ ಅಮೃತಶಿಲೆಯ ಕ್ವಾರಿಯಿತ್ತು, ಕೋರ್ಟ್‌ಹೌಸಿಗೆ ಅಲ್ಲಿಂದಲೇ ಕಲ್ಲು. ನ್ಯೂಯಾರ್ಕ್ ಪ್ರಿಂಟಿಂಗ್ ಕಂಪನಿ ಅವನದು; ನಗರದ ಮುದ್ರಣವೆಲ್ಲ ಅಲ್ಲಿಗೆ, ನಗರದ ಮುಲಾಜಿನಲ್ಲಿದ್ದ ಖಾಸಗಿ ಕಂಪನಿಗಳ ಮುದ್ರಣವೂ ಅಲ್ಲಿಗೆ. ರಸ್ತೆ ಅಗಲ ಮಾಡುವ ಸುದ್ದಿ ಮೊದಲೇ ಗೊತ್ತಿದ್ದುದರಿಂದ ಜಾಗ ಕೊಂಡಿಟ್ಟು ಪರಿಹಾರ ತೆಗೆದುಕೊಳ್ಳುವುದು ಇನ್ನೊಂದು. ಬ್ರಾಡ್‌ವೇಯ 34ನೇ ಬೀದಿಯಿಂದ ಮೇಲಿನ ಅಗಲೀಕರಣ ಇದಕ್ಕೆ ಹೆಸರುವಾಸಿ. ಪರಿಹಾರ ನಿಗದಿ ಮಾಡುವವರನ್ನು ನೇಮಿಸುತ್ತಿದ್ದ ನ್ಯಾಯಾಧೀಶರೂ ಟ್ಯಾಮನಿಯವರೇ.

ಊರೊಟ್ಟು

ಖಾತೆಕಿರ್ದಿ ಅವರ ವಿವರಕ್ಕೆ ಕೈ ಮುಗಿಯಬೇಕು. ಆದರೆ ಬರೀ ಇದನ್ನು ಬರೆದರೆ ಕಾದಂಬರಿ ಆಡಿಟ್ ವರದಿಯಾಗುತ್ತದೆ. ಪರ್ಸೆಂಟೇಜು ಮೇಲಿನವರನ್ನು ಕಟ್ಟಿಹಾಕಿತು, ನಿಜ. ಊರನ್ನು ಕಟ್ಟಿಹಾಕಿದ್ದು ಮುಲಾಜು.

1870ರಲ್ಲಿ ನಗರದ ಜನಸಂಖ್ಯೆ 9,42,292. ಅದರಲ್ಲಿ ಐರ್ಲೆಂಡಿನಲ್ಲೇ ಹುಟ್ಟಿ ಬಂದವರು ಎರಡು ಲಕ್ಷ. ಬರಗಾಲ ಕಂಡು ಹಡಗು ಹತ್ತಿದ ಜನ. ಕೆಲಸ ಹೋದರೆ, ಮನೆ ಸುಟ್ಟರೆ, ಗಂಡ ಸತ್ತರೆ ಸರ್ಕಾರದಿಂದ ಹೇಳಿಕೊಳ್ಳುವಂಥ ನೆರವಿಲ್ಲ. ಇರುವುದು ಚರ್ಚು, ಇಲ್ಲವೇ ವಾರ್ಡಿನ ಟ್ಯಾಮನಿ ಮನುಷ್ಯ. ಅವನು ಸಲೂನಿನಲ್ಲಿ ಸಿಗುತ್ತಾನೆ. ಸಲೂನ್ ಎಂದರೆ ಇಲ್ಲಿ ಹೆಂಡದಂಗಡಿ, ಕ್ಷೌರದಂಗಡಿಯಲ್ಲ. ಕನ್ನಡ ಓದುಗರಿಗೆ ಮೊದಲ ಪುಟದಲ್ಲೇ ಸ್ಪಷ್ಟಪಡಿಸಿ. ಅವನು ಜಾಮೀನು ಕೊಡಿಸುತ್ತಾನೆ, ರಸ್ತೆ ಅಗೆಯುವ ಕೆಲಸಕ್ಕೆ ಚೀಟಿ ಕೊಡುತ್ತಾನೆ, ಹೆಣ ಎತ್ತಿಸುತ್ತಾನೆ. 1870–71ರ ಚಳಿಗಾಲದಲ್ಲಿ ಟ್ವೀಡ್ ತನ್ನ ಏಳನೇ ವಾರ್ಡಿನ ಬಡವರ ಕಲ್ಲಿದ್ದಲಿಗೆ 50,000 ಡಾಲರ್ ಕೊಟ್ಟ. ಅದು ಯಾರ ಹಣ ಎಂದು ಕೇಳುವುದು ಸುಲಭ. ಜನವರಿಯ ಚಳಿಯಲ್ಲಿ ಕೂಸನ್ನು ಎದೆಗೊತ್ತಿಕೊಂಡು ಕೂತವಳು ಕೇಳುವ ಪ್ರಶ್ನೆ ಅದಲ್ಲ. ಈ ಹೆಂಗಸು ನಿಮ್ಮ ಕಾದಂಬರಿಯಲ್ಲಿ ಇಲ್ಲದಿದ್ದರೆ ಟ್ಯಾಮನಿ ಯಾಕೆ ಗೆದ್ದಿತು ಎಂಬುದಕ್ಕೆ ಉತ್ತರವೇ ಇರುವುದಿಲ್ಲ.

ಓಟಿನ ಕಡೆ ಬರೋಣ. ಮೊದಲ ಹೆಜ್ಜೆ ಪೌರತ್ವ. ಕಾನೂನಿನಂತೆ ಐದು ವರ್ಷ ದೇಶದಲ್ಲಿದ್ದಿರಬೇಕು, ಸಾಕ್ಷಿ ಬೇಕು. 1868ರ ಚುನಾವಣೆಗೆ ಮುಂಚೆ ಟ್ಯಾಮನಿಯ ಪೌರತ್ವ ಸಮಿತಿ ಅರ್ಜಿ ಮುದ್ರಿಸಿ, ಶುಲ್ಕ ಕಟ್ಟಿ, ಕೆಂಪು ಚೀಟಿ ಹಂಚಿತು. ಚೀಟಿ ತಂದವನನ್ನು ಕೋರ್ಟಿನ ಗುಮಾಸ್ತ ಒಳಗೆ ಬಿಡುತ್ತಾನೆ, ಒಂದೇ ಸಾಕ್ಷಿ ನೂರಾರು ಜನರಿಗೆ ಪ್ರಮಾಣ ಮಾಡುತ್ತಾನೆ, ನ್ಯಾಯಾಧೀಶ ಜಾರ್ಜ್ ಬರ್ನಾರ್ಡ್ ಗುಂಪು ಗುಂಪಾಗಿ ಪ್ರಮಾಣವಚನ ಬೋಧಿಸುತ್ತಾನೆ. ಆ ಒಂದು ವರ್ಷ ನಗರದಲ್ಲಿ ಪೌರರಾದವರು 40 ಸಾವಿರಕ್ಕೂ ಹೆಚ್ಚು. ನ್ಯಾಯಾಧೀಶರೂ ಚುನಾವಣೆಯಲ್ಲಿ ಗೆದ್ದು ಬರುವವರು, ಟಿಕೆಟು ಕೊಡುವುದು ಟ್ಯಾಮನಿ. ಹಾಗಾಗಿ ಈ ಸುತ್ತು ಎಲ್ಲಿಯೂ ತುಂಡಾಗುವುದಿಲ್ಲ.

ಮತಗಟ್ಟೆಯ ಚಿತ್ರ ಈಗಿನಂತೆ ಬರೆದರೆ ಕೆಟ್ಟುಹೋಗುತ್ತದೆ. ಸರ್ಕಾರ ಮುದ್ರಿಸಿದ ಮತಪತ್ರ ಇರಲಿಲ್ಲ. ಪಕ್ಷಗಳೇ ತಮ್ಮ ತಮ್ಮ ಅಭ್ಯರ್ಥಿಗಳ ಪಟ್ಟಿಯನ್ನು ಚೀಟಿಯಲ್ಲಿ ಅಚ್ಚು ಹಾಕಿಸಿ ಬಾಗಿಲ ಹೊರಗೆ ಹಂಚುತ್ತಿದ್ದವು. ಕೈಯಲ್ಲಿರುವ ಚೀಟಿ ಯಾರದೆಂದು ನಿಂತವರಿಗೆಲ್ಲ ಕಾಣುತ್ತದೆ. ಮರದ ಚೌಕಟ್ಟಿನಲ್ಲಿ ಕೂರಿಸಿದ ಗುಂಡನೆಯ ಗಾಜಿನ ಬುರುಡೆಯೇ ಪೆಟ್ಟಿಗೆ. ಮೊದಲೇ ಚೀಟಿ ತುಂಬಿಲ್ಲವೆಂದು ಎಲ್ಲರಿಗೂ ಕಾಣಲೆಂದು ಗಾಜು. ಗಾಜು ಪೆಟ್ಟಿಗೆಯನ್ನು ಕಾಯಿತು, ಎಣಿಸುವವರನ್ನು ಕಾಯಲಿಲ್ಲ. ಫಲಿತಾಂಶ ಬರೆಯುವವರು ಎಣಿಸುವವರೇ ಎಂದು ಟ್ವೀಡ್ ಆಮೇಲೆ ಸಾಕ್ಷ್ಯದಲ್ಲಿ ಹೇಳಿದ. ಖಾತೆಕಿರ್ದಿ ಹೇಳಿದ ಆ 2,500 ಡಾಲರಿನ ಗೈರುಹಾಜರಿ ಇಲ್ಲಿ ಫಲ ಕೊಡುತ್ತದೆ.

ಒಬ್ಬನೇ ಹಲವು ಹೆಸರಿನಲ್ಲಿ ಓಟು ಹಾಕುವವರಿಗೆ 'ರಿಪೀಟರ್' ಎನ್ನುತ್ತಿದ್ದರು. ಅಗ್ಗದ ವಸತಿಗೃಹಗಳ ವಿಳಾಸಕ್ಕೆ ಹೆಸರು ನೋಂದಾಯಿಸಿ, ಬೇರೆ ಬೇರೆ ಗಟ್ಟೆಗಳಿಗೆ ಕರೆದೊಯ್ಯುವುದು. ಇದರಲ್ಲಿ ಎಡವುವುದು ಸಾಮಾನ್ಯವಾಗಿ ಒಂದೇ ಕಡೆ: ಕೊಟ್ಟ ಹೆಸರು ಮರೆತುಹೋಗುತ್ತದೆ, ಎದುರು ಪಕ್ಷದ ಏಜೆಂಟ್ ತಕರಾರು ಎತ್ತುತ್ತಾನೆ. ಆಗ ಪಕ್ಕದಲ್ಲಿರುವ ಪೊಲೀಸು ಯಾರ ಕಡೆಯವನು ಎಂಬುದೇ ನಿರ್ಣಾಯಕ. 1870ರಿಂದ ಕೇಂದ್ರ ಸರ್ಕಾರ ದೊಡ್ಡ ನಗರಗಳ ಚುನಾವಣೆಗೆ ತನ್ನ ಮೇಲ್ವಿಚಾರಕರನ್ನು ಕಳಿಸುವ ಕಾನೂನು ಮಾಡಿತು, ಮುಖ್ಯವಾಗಿ ನ್ಯೂಯಾರ್ಕಿನ ಈ ಮೋಸ ಕಂಡೇ.

ಒಂದು ದೃಶ್ಯವನ್ನು ಖಂಡಿತ ಬರೆಯಿರಿ. 1870ರ ಮಾರ್ಚ್ 28. ಟ್ಯಾಮನಿಯೊಳಗಿನ ಬಂಡಾಯಗಾರರು ಟ್ವೀಡನನ್ನು ಇಳಿಸಲೆಂದು 14ನೇ ಬೀದಿಯ ಟ್ಯಾಮನಿ ಕಟ್ಟಡದಲ್ಲಿ ಸಭೆ ಕರೆದರು. ಬಂದು ನೋಡಿದರೆ ಬಾಗಿಲಿಗೆ ಬೀಗ, ಸುತ್ತ ನೂರಾರು ಪೊಲೀಸರು. ತಮ್ಮದೇ ಮನೆಯ ಹೊರಗೆ ನಿಂತವರಲ್ಲಿ ಆಗ ಕೌಂಟಿಯ ಶೆರಿಫ್ ಆಗಿದ್ದ ಜೇಮ್ಸ್ ಒಬ್ರಿಯನ್ ಬಣದವರಿದ್ದರು. ಈ ಹೆಸರು ನೆನಪಿಟ್ಟುಕೊಳ್ಳಿ.

ದಾರಿದೀಪ

ಕಾಲದೋಷದ ಬಗ್ಗೆ ಚಿಕ್ಕದಾಗಿ. 1871ರಲ್ಲಿ ಟೆಲಿಫೋನ್ ಇಲ್ಲ, ಟೆಲಿಗ್ರಾಫ್ ಇದೆ. ಕಚೇರಿಯಲ್ಲಿ ಟೈಪ್‌ರೈಟರ್ ಇಲ್ಲ, ಎಲ್ಲವೂ ಕೈಬರಹ. ಹಾಗಾಗಿ ಖಾತೆ ನಕಲು ಮಾಡುವುದೆಂದರೆ ರಾತ್ರಿಗಟ್ಟಲೆ ಕೂತು ಬರೆಯುವುದು. ದೀಪ ಗ್ಯಾಸಿನದು. ಬೀದಿಯಲ್ಲಿ ಕುದುರೆ ಎಳೆಯುವ ಟ್ರಾಮು. ಬ್ರೂಕ್ಲಿನ್ ಬೇರೆಯೇ ನಗರ. ಸೇತುವೆಯ ಕೆಲಸ 1870ರಲ್ಲಷ್ಟೇ ಶುರುವಾಗಿದೆ, ಮುಗಿದದ್ದು 1883ಕ್ಕೆ. ಕೋರ್ಟ್‌ಹೌಸೇ ಪೂರ್ತಿಯಾದದ್ದು 1881ರಲ್ಲಿ, ಆದ್ದರಿಂದ ನಿಮ್ಮ ಪಾತ್ರಗಳು ಅರ್ಧ ಕಟ್ಟಿದ ಕಟ್ಟಡದಲ್ಲೇ ಓಡಾಡಬೇಕು.

ಪೊಲೀಸ್ ಹುದ್ದೆಗಳ ದರಪಟ್ಟಿಯನ್ನು ಈ ಕಥೆಗೆ ಎಳೆದು ತರಬೇಡಿ. ಕ್ಯಾಪ್ಟನ್ ಹುದ್ದೆಗೆ 15,000 ಡಾಲರ್, ಪೇದೆಗೆ 300 ಎಂಬುದು 1894ರಲ್ಲಿ ಪೊಲೀಸ್ ಭ್ರಷ್ಟಾಚಾರ ತನಿಖೆ ಮಾಡಿದ ಲೆಕ್ಸೋ ಸಮಿತಿಯ ಮುಂದೆ ಬಂದ ಸಂಗತಿ, ಅದು ಮುಂದಿನ ಟ್ಯಾಮನಿ ಮುಖ್ಯಸ್ಥ ರಿಚರ್ಡ್ ಕ್ರೋಕರ್ ಕಾಲ. ಟ್ಯಾಮನಿಯ ರಾಜಕಾರಣಿ ಪ್ಲಂಕಿಟ್ ಹೇಳಿದ 'ಪ್ರಾಮಾಣಿಕ ಗಿಂಬಳ'ದ ಮಾತು ಇನ್ನೂ ಈಚಿನದು, 1905ರದು. ಟ್ಯಾಮನಿಯ ಹುಲಿ ಲಾಂಛನ ಮಾತ್ರ ಸರಿಯಾಗಿ ಹೊಂದುತ್ತದೆ; ಟ್ವೀಡ್ ಮುಂದಾಳಾಗಿದ್ದ ಅಮೆರಿಕಸ್ ಅಗ್ನಿಶಾಮಕ ದಳದ ಬಂಡಿಯ ಮೇಲೆ ಹುಲಿಯ ಮುಖವಿತ್ತು.

ಬಿಳಿಹಾಳೆ

ಎಲ್ಲರಿಗೂ ಧನ್ಯವಾದ. ಸಲೂನ್ ವಿಷಯ ಹೊಳೆದೇ ಇರಲಿಲ್ಲ. ಎರಡು ಪ್ರಶ್ನೆ ಉಳಿದವು. ಒಂದು, ಕುಸಿತ. ಪತ್ರಿಕೆ ಬರೆಯಿತು, ಜನ ಸಿಡಿದೆದ್ದರು ಎಂದಷ್ಟೇ ಬರೆದರೆ ಸಾಕೇ? ಎರಡು, ಭಾಷೆ. ಓಟು ತರುವ ಪಕ್ಷದ ವ್ಯವಸ್ಥೆಗೆ ಹೇಳುವ 'ಮಷೀನ್', ಜೊತೆಗೆ 'ಬಾಸ್', 'ರಿಂಗ್' ಇವನ್ನೆಲ್ಲ ಕನ್ನಡದಲ್ಲಿ ಏನೆನ್ನುವುದು? ಐರಿಷ್ ಕೂಲಿಯವನ ಬಾಯಲ್ಲಿ ಯಾವ ಕನ್ನಡ ಇಡುವುದು?

ಖಾತೆಕಿರ್ದಿ

ಸಾಲದು. ಜನ ಸಿಡಿದೇಳುವುದಕ್ಕೆ ಮೊದಲು ಲೆಕ್ಕ ಹೊರಗೆ ಬರಬೇಕು. ಲೆಕ್ಕ ಹೊರಗೆ ಬಂದದ್ದು ಮೂರು ಸಾಮಾನ್ಯ ಕಾರಣಗಳಿಂದ: ಒಂದು ಸಾವು, ಒಂದು ಕೊಡದ ಬಾಕಿ, ಇನ್ನೊಂದು ಸಾವು.

ನ್ಯೂಯಾರ್ಕ್ ಟೈಮ್ಸ್‌ನ ನಿರ್ದೇಶಕರಲ್ಲಿ ಒಬ್ಬನಾದ ಜೇಮ್ಸ್ ಟೇಲರ್ ಟ್ವೀಡನ ಪ್ರಿಂಟಿಂಗ್ ಕಂಪನಿಯಲ್ಲೂ ಪಾಲುದಾರ. ಅವನು 1870ರಲ್ಲಿ ತೀರಿಕೊಂಡ. ಆ ಪತ್ರಿಕೆ ಟ್ವೀಡ್ ಮೇಲೆ ತಿರುಗಿಬಿದ್ದದ್ದು ಆಮೇಲೆಯೇ. ಆದರೂ ಅದರ ಕೈಯಲ್ಲಿ ಪುರಾವೆ ಇರಲಿಲ್ಲ. ಇಲ್ಲೊಂದು ಘಟನೆ ನಿಮ್ಮ ಗುಮಾಸ್ತನಿಗೆಂದೇ ಇದೆ. ನವೆಂಬರ್ ಚುನಾವಣೆ ಹತ್ತಿರವಿದ್ದಾಗ ಕಾನಲಿ ಆರು ಮಂದಿ ದೊಡ್ಡ ಶ್ರೀಮಂತರನ್ನು ಕರೆಸಿ ಪುಸ್ತಕ ತೋರಿಸಿದ. ಮುಂದೆ ನಿಂತವನು ಮೂರನೆಯ ಜಾನ್ ಜೇಕಬ್ ಆಸ್ಟರ್. ಲೆಕ್ಕ ಸರಿಯಾಗಿದೆ ಎಂದು ಅವರು ಬರೆದುಕೊಟ್ಟರು. ಪುಸ್ತಕದಲ್ಲಿ ಕೂಡಿಕೆ ಸರಿಯಿತ್ತು, ನಿಜ. ತಪ್ಪಿದ್ದದ್ದು ಬಿಲ್ಲಿನಲ್ಲಿ, ಬಿಲ್ಲು ಅವರು ಕೇಳಲಿಲ್ಲ. ಪುಸ್ತಕಗಳನ್ನು ಮೇಜಿಗೆ ತಂದಿಟ್ಟು ಪಕ್ಕದಲ್ಲಿ ನಿಂತ ಗುಮಾಸ್ತ ಏನು ಯೋಚಿಸಿರಬಹುದು? ನಿಮ್ಮ ಕಾದಂಬರಿಯ ಅತಿ ಒಳ್ಳೆಯ ಅಧ್ಯಾಯ ಅಲ್ಲಿದೆ ಎಂದು ನನಗೆ ಅನಿಸುತ್ತದೆ.

1871ರ ಜನವರಿಯಲ್ಲಿ ವಾಟ್ಸನ್ ಹಿಮದ ಮೇಲೆ ಜಾರುಬಂಡಿ ಓಡಿಸುವಾಗ ಇನ್ನೊಂದು ಬಂಡಿಗೆ ಡಿಕ್ಕಿಯಾಗಿ, ತಲೆಗೆ ಪೆಟ್ಟು ಬಿದ್ದು, ಕೆಲವು ದಿನಗಳಲ್ಲಿ ಸತ್ತ. ಯಾರಿಗೆ ಎಷ್ಟು ಎಂಬ ಪೂರ್ತಿ ಲೆಕ್ಕ ಇದ್ದದ್ದು ಅವನ ತಲೆಯಲ್ಲಿ. ಖಾಲಿಯಾದ ಜಾಗಗಳನ್ನು ತುಂಬುವ ಗಡಿಬಿಡಿಯಲ್ಲಿ ಹೊಸಬರು ಒಳಗೆ ಬಂದರು. ಅವರಲ್ಲಿ ಮ್ಯಾಥ್ಯೂ ಒರೂರ್ಕ್ ಹಿಂದೆ ಪತ್ರಿಕೆಗೆ ಮಿಲಿಟರಿ ಸುದ್ದಿ ಬರೆದವನು. ಸೈನಿಕ ಶಸ್ತ್ರಾಗಾರಗಳ ಬಾಡಿಗೆಯ ಬಿಲ್ಲು ಕಂಡ ಕೂಡಲೇ ಅವನಿಗೆ ಸುಳ್ಳು ತಿಳಿಯಿತು. ಆ ಜಾಗಗಳನ್ನು ಅವನು ಕಣ್ಣಾರೆ ಬಲ್ಲ, ಕೆಲವು ಬರೀ ಕುದುರೆ ಲಾಯದ ಮೇಲಿನ ಅಟ್ಟ. ಅದೇ ಕಚೇರಿಯಲ್ಲಿದ್ದ ಇನ್ನೊಬ್ಬ ವಿಲಿಯಂ ಕೋಪ್‌ಲ್ಯಾಂಡ್, ಒಬ್ರಿಯನ್ ಕಡೆಯಿಂದ ಬಂದವನು. ಒಬ್ರಿಯನ್‌ಗೆ ಶೆರಿಫ್ ಆಗಿದ್ದ ಕಾಲದ ಬಾಕಿಯೆಂದು ಸುಮಾರು ಮೂರೂವರೆ ಲಕ್ಷ ಡಾಲರ್ ಬರಬೇಕಿತ್ತು. ಕೂಟ ಕೊಡಲಿಲ್ಲ. ಕೋಪ್‌ಲ್ಯಾಂಡ್ ನಕಲು ಮಾಡಿದ ಖಾತೆಗಳನ್ನು ಒಬ್ರಿಯನ್ ಟೈಮ್ಸ್‌ಗೆ ಒಯ್ದು ಕೊಟ್ಟ. ಕೋಟಿಗಟ್ಟಲೆ ತಿಂದವರು ಮೂರೂವರೆ ಲಕ್ಷಕ್ಕೆ ಕೈ ಬಿಗಿ ಹಿಡಿದು ಕೆಟ್ಟರು.

ಜುಲೈ 8ಕ್ಕೆ ಶಸ್ತ್ರಾಗಾರಗಳ ಬಾಡಿಗೆ ಅಚ್ಚಾಯಿತು. ಜುಲೈ 12ಕ್ಕೆ ಐರಿಷ್ ಪ್ರಾಟೆಸ್ಟೆಂಟರ ಮೆರವಣಿಗೆಯಲ್ಲಿ ಗಲಭೆ, ಗುಂಡೇಟು, 60ಕ್ಕೂ ಹೆಚ್ಚು ಸಾವು. ಟ್ವೀಡ್ ಕದ್ದರೂ ಊರನ್ನು ಶಾಂತವಾಗಿಟ್ಟಿದ್ದಾನೆ ಎಂದುಕೊಂಡಿದ್ದ ಶ್ರೀಮಂತರ ನಂಬಿಕೆ ಅಂದು ಹೋಯಿತು. ಜುಲೈ 22ರಿಂದ ಗುಪ್ತ ಖಾತೆಗಳು ಒಂದೊಂದೇ ಬಂದವು, 29ಕ್ಕೆ ಇಂಗ್ಲಿಷ್ ಜೊತೆ ಜರ್ಮನ್ ಭಾಷೆಯಲ್ಲೂ ವಿಶೇಷ ಪುರವಣಿ. ಪ್ರಕಟಿಸದಿರಲು 50 ಲಕ್ಷ ಡಾಲರಿನ ಆಮಿಷ ಬಂತೆಂದು ಮಾಲೀಕ ಜಾರ್ಜ್ ಜೋನ್ಸ್ ಹೇಳಿದ. ಹಾರ್ಪರ್ಸ್ ವೀಕ್ಲಿಯಲ್ಲಿ ಥಾಮಸ್ ನಾಸ್ಟ್ ಬರೆಯುತ್ತಿದ್ದ ವ್ಯಂಗ್ಯಚಿತ್ರಗಳು ಓದು ಬಾರದವರಿಗೂ ತಲುಪಿದವು. ಸೇಡಿಗೆ ನಗರದ ಶಾಲೆಗಳಿಂದ ಹಾರ್ಪರ್ ಪಠ್ಯಪುಸ್ತಕಗಳನ್ನು ತೆಗೆದುಹಾಕಿದರು. ಟ್ಯಾಮನಿಯ ಸೇಡು ಹೀಗೆ ಟೆಂಡರಿನ ರೂಪದಲ್ಲಿ ಬರುತ್ತದೆ, ಚಾಕುವಿನ ರೂಪದಲ್ಲಲ್ಲ.

ನಿಜವಾಗಿ ಕತ್ತು ಹಿಸುಕಿದ್ದು ಸಾಲ. ನಗರ ನಡೆಯುತ್ತಿದ್ದುದು ಬಾಂಡ್ ಮಾರಿ. ಯುರೋಪಿನ ಬ್ಯಾಂಕರುಗಳು ಕೊಳ್ಳಲು ಹಿಂಜರಿದರು. ಸೆಪ್ಟೆಂಬರ್ 4ಕ್ಕೆ ಕೂಪರ್ ಯೂನಿಯನ್ ಸಭಾಂಗಣದಲ್ಲಿ ನಾಗರಿಕರು ಸಭೆ ಸೇರಿ ಎಪ್ಪತ್ತು ಜನರ ಸಮಿತಿ ಆಯಿತು. ಅದರ ಅರ್ಜಿಯ ಮೇಲೆ ಪಾವತಿಗೆ ತಡೆ ಕೊಟ್ಟವನು ಯಾರು ಗೊತ್ತೆ? ಗುಂಪು ಗುಂಪಾಗಿ ಪೌರತ್ವ ಕೊಟ್ಟ ಅದೇ ನ್ಯಾಯಾಧೀಶ ಬರ್ನಾರ್ಡ್. ಗಾಳಿ ತಿರುಗಿದ್ದನ್ನು ಮೊದಲು ಮೂಸಿದವನು ಅವನು. ಹಣ ನಿಂತ ಕೂಡಲೇ ನಗರದ ಕೂಲಿಯವರಿಗೆ ಸಂಬಳ ನಿಂತಿತು, ಅವರು ಬೀದಿಗಿಳಿದರು. ಆಮೇಲಿನ ವಾರಾಂತ್ಯದಲ್ಲಿ ಕಂಟ್ರೋಲರ್ ಕಚೇರಿಯಿಂದ ಸಾವಿರಾರು ವೋಚರುಗಳು ಕಳವಾದವು. ತಪ್ಪನ್ನೆಲ್ಲ ಕಾನಲಿ ತಲೆಗೆ ಕಟ್ಟಲು ಹಾಲ್ ರಾಜೀನಾಮೆ ಕೇಳಿದ. ಹೆದರಿದ ಕಾನಲಿ ವಕೀಲ ಸ್ಯಾಮ್ಯುಯೆಲ್ ಟಿಲ್ಡನ್ ಹತ್ತಿರ ಓಡಿದ. ರಾಜೀನಾಮೆ ಕೊಡಬೇಡ, ಕಾನೂನಿನಲ್ಲಿ ಪೂರ್ಣಾಧಿಕಾರದ ಡೆಪ್ಯುಟಿಯನ್ನು ನೇಮಿಸಲು ನಿನಗೆ ಅವಕಾಶವಿದೆ ಎಂದು ಟಿಲ್ಡನ್ ತೋರಿಸಿಕೊಟ್ಟ. ಸೆಪ್ಟೆಂಬರ್ 16ಕ್ಕೆ ಸುಧಾರಣಾವಾದಿ ಆಂಡ್ರ್ಯೂ ಗ್ರೀನ್ ಆ ಕುರ್ಚಿಯಲ್ಲಿ ಕೂತ. ಕೋಟೆಯ ಬಾಗಿಲು ತೆರೆದದ್ದು ಹೀಗೆ, ಒಳಗಿನಿಂದ.

ವೋಚರು ಹೋದರೂ ಬ್ಯಾಂಕಿನ ಲೆಡ್ಜರ್ ಇತ್ತಲ್ಲ. ಟಿಲ್ಡನ್ ಒಂದೊಂದು ವಾರಂಟನ್ನೂ ಬ್ರಾಡ್‌ವೇ ಬ್ಯಾಂಕಿನ ಜಮಾದೊಂದಿಗೆ ತಾಳೆ ನೋಡಿದ: ಇಂಥ ದಿನ ಗಾರ್ವಿಗೆ ಇಷ್ಟು, ಅಲ್ಲಿಂದ ವುಡ್‌ವರ್ಡ್‌ಗೆ ಇಷ್ಟು, ಅಲ್ಲಿಂದ ಟ್ವೀಡ್‌ಗೆ ಇಷ್ಟು. ಟ್ವೀಡನ ಖಾತೆಗೆ ಬಂದದ್ದೇ 9,32,858 ಡಾಲರ್ 50 ಸೆಂಟ್. ವಂಚನೆಯ ಕಥೆ ಸಾಕ್ಷ್ಯವಾದದ್ದು ಈ ತಾಳೆಯಿಂದ.

ನುಡಿಗಟ್ಟು

ಭಾಷೆಯ ಮಾತು. 'ಮಷೀನ್'ಗೆ ಯಂತ್ರ ಎಂದು ಬರೆದರೆ ಹಿಟ್ಟಿನ ಗಿರಣಿ ನೆನಪಾಗುತ್ತದೆ. ಎಲ್ಲಿಯೂ ಆ ಪದವೇ ಬೇಡ. ಜನ 'ಟ್ಯಾಮನಿ' ಎಂದೇ ಹೇಳಲಿ. 'ರಿಂಗ್'ಗೆ ಮೇಲೆ ಬಳಸಿರುವ 'ಕೂಟ' ಚೆನ್ನಾಗಿದೆ. 'ಬಾಸ್' ಹಾಗೇ ಇರಲಿ, ಕನ್ನಡಿಗರ ಬಾಯಲ್ಲಿ ಅದು ಪಳಗಿದೆ. 'ಧಣಿ' ಬೇಡ, ಹೊಲ ಗದ್ದೆಯ ವಾಸನೆ ಬರುತ್ತದೆ. ಟ್ವೀಡ್‌ಗೆ ಅಂಥ ಹಿನ್ನೆಲೆಯಿಲ್ಲ. ಪೊಲೀಸರಿಗೆ ತಿಂಗಳು ತಿಂಗಳು ಸಲ್ಲುವುದಕ್ಕೆ 'ಮಾಮೂಲು', ಗುತ್ತಿಗೆಯ ಪಾಲಿಗೆ 'ಪರ್ಸೆಂಟೇಜ್', ಕೆಲಸಕ್ಕೆ ಸೇರಿಸಿದ್ದಕ್ಕೆ 'ವಶೀಲಿ'. ಮೂರನ್ನೂ 'ಲಂಚ' ಎಂದು ಒಂದೇ ಪದದಲ್ಲಿ ಹೇಳಿದರೆ ಮೂರು ಬೇರೆ ಬೇರೆ ಸಂಬಂಧಗಳು ಅಳಿಸಿಹೋಗುತ್ತವೆ. 'ಪುಢಾರಿ' ಎಂಬುದನ್ನು ಶ್ರೀಮಂತರ ಬಾಯಿಗೆ ಮಾತ್ರ ಕೊಡಿ. ಕಲ್ಲಿದ್ದಲು ಪಡೆದ ಹೆಂಗಸು ಆ ಪದ ಆಡುವುದಿಲ್ಲ.

ಕೂಲಿಯವನಿಗೆ ಧಾರವಾಡದ್ದೋ ಮಂಡ್ಯದ್ದೋ ಅಚ್ಚ ಆಡುಮಾತು ಕೊಟ್ಟರೆ ಓದುಗ ಆ ಊರಿಗೇ ಹೋಗಿಬಿಡುತ್ತಾನೆ. ವಾಕ್ಯ ಚಿಕ್ಕದಾಗಿರಲಿ, ಸಂಸ್ಕೃತ ಪದ ಬೇಡ, ಅಷ್ಟು ಸಾಕು.

ಕನ್ನಡಕ್ಕೆ ಇರುವ ದೊಡ್ಡ ಅನುಕೂಲ ನೀನು–ನೀವು. ಆ ಜನ ಆಡಿದ ಇಂಗ್ಲಿಷಿನಲ್ಲಿ ಈ ಭೇದ ಇಲ್ಲ, ನಿಮಗಿದೆ. ವಾಟ್ಸನ್ ಗುಮಾಸ್ತನಿಗೆ 'ನೀನು' ಎನ್ನಲಿ, ಗುಮಾಸ್ತ 'ನೀವು'. ಒಬ್ರಿಯನ್ ಟ್ವೀಡ್‌ಗೆ ಮೊದಲಿನಿಂದ 'ನೀನು' ಎನ್ನುವ ಸಲುಗೆಯವನಾಗಿರಲಿ. ಬಾಕಿ ಕೊಡುವುದಿಲ್ಲ ಎಂದ ಮರುಗಳಿಗೆಯಲ್ಲಿ ಅವನು 'ಆಗಲಿ, ನೀವು ಹೇಳಿದ ಹಾಗೇ' ಎಂದು ಎದ್ದುಹೋಗಲಿ. ಸಂಬಂಧ ಹರಿದದ್ದಕ್ಕೆ ಬೇರೆ ವಿವರಣೆ ಬೇಡ.

ಊರೊಟ್ಟು

ಕೊನೆಯದಾಗಿ ಎರಡು ತಿದ್ದುಪಡಿ, ಕಥೆಯಲ್ಲಿ ಜಾರದಿರಲೆಂದು. ಓಕಿ ಹಾಲ್‌ಗೆ ಶಿಕ್ಷೆಯಾಗಲಿಲ್ಲ, 1873ರಲ್ಲಿ ಖುಲಾಸೆಯಾದ. ಆ ಐದು ಪರ್ಸೆಂಟ್ ಟ್ವೀಡ್ ಬಾಯಿಂದ ಬಂದ ಮಾತು ಎಂದೇ ಬರೆಯಿರಿ. ಕಾನಲಿ, ಸ್ವೀನಿ ದೇಶ ಬಿಟ್ಟು ಹೋದರು. ಟ್ವೀಡ್‌ಗೆ 1873ರಲ್ಲಿ ಹನ್ನೆರಡು ವರ್ಷ ಶಿಕ್ಷೆಯಾಗಿ, ಮೇಲಿನ ಕೋರ್ಟು ಅದನ್ನು ಒಂದು ವರ್ಷಕ್ಕಿಳಿಸಿತು. ಸಿವಿಲ್ ದಾವೆಯಲ್ಲಿ ಮತ್ತೆ ಹಿಡಿದರು, 30 ಲಕ್ಷ ಡಾಲರಿನ ಜಾಮೀನು ಕೇಳಿದರು. 1875ರ ಡಿಸೆಂಬರ್‌ನಲ್ಲಿ ತಪ್ಪಿಸಿಕೊಂಡು ಕ್ಯೂಬಾ ದಾಟಿ ಸ್ಪೇನಿನ ವಿಗೋ ಬಂದರು ಮುಟ್ಟಿದ. ನಾಸ್ಟ್‌ನ ಚಿತ್ರದಿಂದ ಗುರುತು ಹಿಡಿದು ಹಿಂದಕ್ಕೆ ಕಳಿಸಿದರು. 1878ರ ಏಪ್ರಿಲ್ 12ರಂದು ಲಡ್ಲೋ ಬೀದಿಯ ಜೈಲಿನಲ್ಲೇ ಸತ್ತ.

ನಿಮ್ಮ ಕಥೆ 1871ಕ್ಕೆ ನಿಲ್ಲುವುದಾದರೆ ಜೈಲಿನವರೆಗೆ ಹೋಗಬೇಕಿಲ್ಲ. ಆ ವರ್ಷ ಮೇ 31ಕ್ಕೆ ಮಗಳ ಮದುವೆ, ಬಂದ ಉಡುಗೊರೆಗಳ ಬೆಲೆ ಏಳು ಲಕ್ಷ ಡಾಲರ್ ಎಂದು ಪತ್ರಿಕೆಗಳು ಬರೆದವು. ಅಕ್ಟೋಬರ್‌ಗೆ ಬಂಧನ, ಹತ್ತು ಲಕ್ಷದ ಜಾಮೀನಿಗೆ ಸಹಿ ಹಾಕಿದವರಲ್ಲಿ ಈರಿ ರೈಲ್ವೆಯ ಜೇ ಗೂಲ್ಡ್. ನವೆಂಬರ್ ಚುನಾವಣೆಯಲ್ಲಿ ಟ್ಯಾಮನಿಯ ಅಭ್ಯರ್ಥಿಗಳು ಊರ ತುಂಬ ಸೋತರು. ಟ್ವೀಡ್ ಮಾತ್ರ ಅದೇ ದಿನ ತನ್ನ ಕ್ಷೇತ್ರದಿಂದ ರಾಜ್ಯ ಸೆನೆಟ್‌ಗೆ ಮತ್ತೆ ಗೆದ್ದ. ಆ ಹೊತ್ತಿಗೆ ಬಿಲ್ಲುಗಳೆಲ್ಲ ಪತ್ರಿಕೆಯಲ್ಲಿ ಬಂದಾಗಿತ್ತು, ಪೊರಕೆಯದೂ ಸೇರಿ. ಕಲ್ಲಿದ್ದಲು ಪಡೆದವಳಿಗೆ ಓಟಿಲ್ಲ, ಹೆಂಗಸರಿಗೆ ಆಗ ಆ ಹಕ್ಕು ಇರಲಿಲ್ಲ. ಅವಳ ಗಂಡ ಚೀಟಿ ಹಿಡಿದು ಸಾಲಿನಲ್ಲಿ ನಿಂತಿರುತ್ತಾನೆ. ಗುಮಾಸ್ತ ಅವನ ಹಿಂದೆಯೇ ನಿಂತಿರಲಿ.